ಬೆಲ್ಜಿಯಂನಲ್ಲಿ ಒಂದು ಕುದುರೆಯ ಗುಂಡಿಗೆ

ಬೆಲ್ಜಿಯಂ ಹೇಗಿದೆ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಗೊತ್ತಿಲ್ಲ. ಅಲ್ಲಿ ದೊಡ್ಡ ದೊಡ್ಡ ಚರ್ಚುಗಳಿವೆಯಂತೆ, ಸಮುದ್ರ ಇದೆಯಂತೆ, ಚಾಕೊಲೇಟು ಹೆಸರುವಾಸಿಯಂತೆ. ನಾನು ನೋಡಿದ್ದು ಒಂದು ಕುದುರೆಯ ಗುಂಡಿಗೆಯ ಒಳಗನ್ನು. ಅದನ್ನು ನೋಡಿದ ಮೇಲೆ ಚರ್ಚು ನೋಡುವ ಮನಸ್ಸು ಬರಲಿಲ್ಲ.

ಹೊರಟಿದ್ದು

ನನ್ನ ಮಗಳ ಮಗಳು ಚೈತ್ರ ದನದ ಡಾಕ್ಟರು. ಹಾಗೆಂದರೆ ಅವಳಿಗೆ ಸಿಟ್ಟು. ಕುದುರೆ ಡಾಕ್ಟರು ಅನ್ನಬೇಕು, ಅದರಲ್ಲೂ ಕುದುರೆಯ ಗುಂಡಿಗೆಯ ಡಾಕ್ಟರು. ಕುದುರೆಯ ಹಲ್ಲು ನೋಡುವವರನ್ನು ಕಂಡಿದ್ದೇನೆ, ಗೊರಸು ನೋಡುವವರನ್ನು ಕಂಡಿದ್ದೇನೆ. ನಮ್ಮ ಯಜಮಾನರೇ ನಂಜನಗೂಡು ಸ್ಟೇಷನ್ನಿನಿಂದ ದೇವಸ್ಥಾನಕ್ಕೆ ಜಟಕಾ ಹೊಡೆಯುತ್ತಿದ್ದವರು. ಆಟೊಗಳು ಬಂದು ಹೊಟ್ಟೆಯ ಮೇಲೆ ಹೊಡೆಯುವವರೆಗೂ ನಮ್ಮ ಹಟ್ಟಿಯಲ್ಲಿ ಕುದುರೆ ಇತ್ತು. ಕುದುರೆಗೂ ಗುಂಡಿಗೆ ಇದೆ ಎಂದು ಅವರು ಒಂದು ದಿನವಾದರೂ ಯೋಚಿಸಿದ್ದನ್ನು ನಾನು ಕಾಣೆ. ಬಿದ್ದರೆ ದೃಷ್ಟಿ, ಎದ್ದರೆ ದೇವರು. ಅಷ್ಟೇ ವೈದ್ಯ.

ಈ ಹುಡುಗಿ ಅದನ್ನೇ ಕಲಿಯಲು ಬೆಲ್ಜಿಯಂಗೆ ಹೋಗಿದ್ದಳು. ಅಲ್ಲಿ ಒಂದು ಕುದುರೆ ಅವಳ ಪಾದದ ಮೇಲೆ ಕಾಲಿಟ್ಟು ಮೂಳೆ ಮುರಿಯಿತು. ಅಡುಗೆ ಮಾಡಿ ಹಾಕಲು, ಚೀಲ ಹೊರಲು ಯಾರಾದರೂ ಹೋಗಬೇಕಾಯಿತು. ಅವಳ ಅವ್ವ, ಅಂದರೆ ನನ್ನ ಮಗಳು, ನರಸೀಪುರದ ಆಸ್ಪತ್ರೆಯಲ್ಲಿ ನರ್ಸು, ರಜ ಇಲ್ಲ. ಅಳಿಯ ಲೈನ್‌ಮ್ಯಾನು, ಗಾಳಿಗಾಲ, ದಿನಾ ಒಂದು ಮರ ತಂತಿಯ ಮೇಲೆ ಬೀಳುತ್ತದೆ, ಅವನಿಗೂ ರಜ ಇಲ್ಲ. ಕಳಲೆಯಲ್ಲಿರುವ ನನ್ನ ಮಗನಿಗೆ ಗದ್ದೆ ನಾಟಿ. ಕೆಲಸವಿಲ್ಲದವಳು ನಾನೊಬ್ಬಳೇ ಎಂದು ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಹಸು ಕರೆಯುವುದು, ಸಗಣಿ ಬಾಚುವುದು, ಸೊಸೆಯ ಜೊತೆ ಜಗಳವಾಡುವುದು ಕೆಲಸವಲ್ಲವಂತೆ.

ಪಾಸ್‌ಪೋರ್ಟಿಗೆ ವಿಚಾರಿಸಲು ಪೊಲೀಸಿನವರು ಮನೆಗೆ ಬಂದಾಗ ಬೀದಿಯವರೆಲ್ಲ ಜಗಲಿಗೆ ಬಂದು ನಿಂತರು. ಎದುರುಮನೆಯ ಪುಟ್ಟತಾಯಮ್ಮ ಮರುದಿನ ನಲ್ಲಿಯ ಹತ್ತಿರ ಮೆಲ್ಲಗೆ ಕೇಳಿದಳು, ಯಾರಿಗೆ ಹೊಡೆದೆ ಎಂದು.

ವಿಮಾನ

ನನಗೆ ಇಂಗ್ಲಿಷು ಬರುವುದಿಲ್ಲ, ದಾರಿ ತಪ್ಪುತ್ತೇನೆ ಎಂದು ಚೈತ್ರ ಅಲ್ಲಿಂದಲೇ ನನಗೆ ಗಾಲಿಕುರ್ಚಿ ಹೇಳಿಬಿಟ್ಟಿದ್ದಳು. ನನಗೆ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಒಬ್ಬ ಹುಡುಗ ಬಂದು ಕೂತ್ಕೊಳಿ ಅಂದ. ಮೊನ್ನೆ ಮೊನ್ನೆಯವರೆಗೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತವಳು ನಾನು. ಲಕ್ವ ಹೊಡೆದವಳ ಹಾಗೆ ನನ್ನನ್ನು ತಳ್ಳಿಕೊಂಡು ಹೋದರೆ ನೋಡಿದವರು ಏನಂದುಕೊಳ್ಳಬೇಕು?

ಬೆಲ್ಜಿಯಂನಲ್ಲಿ ಇಳಿದಾಗಲೂ ಒಬ್ಬ ಕುರ್ಚಿ ಹಿಡಿದು ಕಾದಿದ್ದ. ದಪ್ಪ ಮನುಷ್ಯ, ಏದುಸಿರು ಬಿಡುತ್ತಿದ್ದ. ಸ್ವಲ್ಪ ದೂರ ತಳ್ಳಿದ ಮೇಲೆ ನನಗೇ ಅವನ ಮೇಲೆ ಮರುಕ ಬಂದು, ಕುರ್ಚಿಯಿಂದ ಇಳಿದು, ನನ್ನ ಚೀಲವನ್ನು ಅದರಲ್ಲಿ ಕೂರಿಸಿ, ಅವನ ಪಕ್ಕದಲ್ಲಿ ನಡೆಯತೊಡಗಿದೆ. ಅವನು ಹೆದರಿಬಿಟ್ಟ. ಕೈ ಮುಗಿದು ಕೂರಿಸಲು ನೋಡಿದ. ನಾನು ಕೂರಲಿಲ್ಲ. ಕೊನೆಗೆ ರಾಗಿಹಿಟ್ಟು, ಹುರುಳಿ, ಬೆಲ್ಲ ತುಂಬಿದ ಚೀಲ ದೊಡ್ಡಮನುಷ್ಯರ ಹಾಗೆ ಕುರ್ಚಿಯಲ್ಲಿ ಕೂತು ಬಂತು, ನಾನು ಹಿಂದೆ ನಡೆದು ಬಂದೆ. ಊರುಗೋಲು ಹಿಡಿದು ಬಾಗಿಲಲ್ಲಿ ನಿಂತಿದ್ದ ಚೈತ್ರ ನಕ್ಕೂ ನಕ್ಕೂ ಗೋಡೆಗೆ ಒರಗಿದಳು.

ಅವಳ ಊರು

ಮೊದಲ ದಿಗಿಲು ಸದ್ದೇ ಇಲ್ಲದಿರುವುದು. ಆ ಊರಲ್ಲಿ ಯಾರೂ ಯಾರನ್ನೂ ಕೂಗುವುದಿಲ್ಲ. ನಾಯಿಯೂ ಕೇಳಿಕೊಂಡು ಬೊಗಳುವ ಹಾಗಿದೆ. ಎರಡನೆಯದು ಕಿಟಕಿ. ದೊಡ್ಡ ದೊಡ್ಡ ಗಾಜಿನ ಕಿಟಕಿ, ಪರದೆ ಇಲ್ಲ, ಒಳಗೆ ಜನ ಊಟ ಮಾಡುವುದು, ಟಿವಿ ನೋಡುವುದು ಎಲ್ಲ ಬೀದಿಗೆ ಕಾಣುತ್ತದೆ. ಆದರೆ ಬೀದಿಯವರು ಯಾರೂ ಒಳಗೆ ನೋಡುವುದಿಲ್ಲ. ನಾನು ಪ್ರತಿ ಮನೆಯೊಳಗೂ ನಿಂತು ನೋಡಿದೆ. ಚೈತ್ರ ನನ್ನ ಸೆರಗು ಜಗ್ಗಿ, ಹಾಗೆ ನೋಡಬಾರದು ಅಂದಳು. ತೋರಿಸುವುದು ಅವರು, ನೋಡಿದರೆ ತಪ್ಪು ನನ್ನದೇ? ನಮ್ಮಲ್ಲಿ ಬಾಗಿಲು ಹಾಕಿಕೊಂಡು ಉಂಡರೂ ಏನು ಸಾರು ಎಂದು ಬೀದಿಗೆ ಗೊತ್ತಿರುತ್ತದೆ.

ಊರ ಹೊರಗೆ ಬಯಲಲ್ಲಿ ಕುದುರೆಗಳು. ಒಂದೊಂದಕ್ಕೂ ಕೋಟು ತೊಡಿಸಿದ್ದಾರೆ. ಕೆಲವಕ್ಕೆ ನೊಣ ಕೂರದಿರಲಿ ಎಂದು ಮುಖಕ್ಕೆ ಬಲೆ ಕಟ್ಟಿದ್ದಾರೆ. ಗಾಡಿ ಎಳೆಯುವ ಒಂದು ಕುದುರೆಯನ್ನೂ ನಾನು ಕಾಣಲಿಲ್ಲ. ಮೇಯುವುದು, ನಿಲ್ಲುವುದು, ಮತ್ತೆ ಮೇಯುವುದು. ಅಳಿಯಂದಿರ ಹಾಗೆ.

ಅದೇ ದಾರಿಯಲ್ಲಿ ಒಂದು ಅಂಗಡಿಯ ಮೇಲೆ ಕುದುರೆಯ ತಲೆಯ ಚಿತ್ರ ಇತ್ತು. ಜೀನು, ಲಗಾಮು ಮಾರುವ ಅಂಗಡಿ ಇರಬೇಕೆಂದು ಗಾಜಿಗೆ ಮುಖ ಹಚ್ಚಿ ನೋಡಿದೆ. ಕೆಂಪು ಮಾಂಸ, ಹಪ್ಪಳದ ಹಾಗೆ ತೆಳ್ಳಗೆ ಕೊಯ್ದು ಜೋಡಿಸಿದ್ದರು. ಕುದುರೆಯದು. ನಾನು ಚೈತ್ರನ ಮುಖ ನೋಡಿದೆ. ಅವಳು ಹೂಂ ಅಂದಳು. ಅಲ್ಲಿ ಕೋಟು, ಇಲ್ಲಿ ಕತ್ತಿ.

ಕುದುರೆ ಆಸ್ಪತ್ರೆ

ಅವಳ ಚೀಲ ಹೊತ್ತುಕೊಂಡು ದಿನಾ ನಾನೂ ಆಸ್ಪತ್ರೆಗೆ ಹೋಗುತ್ತಿದ್ದೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನುಷ್ಯರಿಗೆ ಇಲ್ಲದ ಜಾಗ ಅಲ್ಲಿ ಕುದುರೆಗೆ ಇದೆ. ಒಂದೊಂದಕ್ಕೆ ಒಂದೊಂದು ಕೋಣೆ. ಆ ಸಾಲಿನ ಮುಂದೆ ಒಂದು ಬೆಂಚು, ನಾನು ಅಲ್ಲಿ ಕೂರುತ್ತಿದ್ದೆ. ಒಂದೆರಡು ದಿನ ಬಂದವರೆಲ್ಲ ನನ್ನ ಸೀರೆ ನೋಡಿದರು, ಆಮೇಲೆ ಬೆಂಚಿನ ಹಾಗೆ ನಾನೂ ಒಂದು ಅಂದುಕೊಂಡರು.

ನನ್ನ ಎದುರಿನ ಕೋಣೆಯಲ್ಲಿ ಬ್ರೂನೋ ಇದ್ದ. ಹುಣಸೆಹಣ್ಣಿನ ಬಣ್ಣ, ಹಣೆಯಲ್ಲಿ ಬಿಳಿ, ನಮ್ಮ ಜಟಕಾ ಕುದುರೆಗಳ ಎರಡರಷ್ಟು ಮೈ. ನೋಡಲು ಏನೂ ಕಾಯಿಲೆ ಇಲ್ಲ. ಆದರೆ ನಡೆಯುತ್ತ ನಡೆಯುತ್ತ ಕುಸಿದುಬಿಡುತ್ತಿದ್ದ. ಎರಡನೇ ಸಲ ಬಿದ್ದಾಗ ಬೆನ್ನ ಮೇಲೆ ಅವನ ಒಡತಿ ಇದ್ದಳು, ಅವಳ ಭುಜದ ಮೂಳೆ ಮುರಿದಿತ್ತು.

ಆ ಒಡತಿಯ ಹೆಸರು ಗ್ರೀತ್. ನನಗಿಂತ ಸ್ವಲ್ಪ ಚಿಕ್ಕವಳಿರಬಹುದು, ಕೂದಲು ಗಂಡಸರ ಹಾಗೆ ಕತ್ತರಿಸಿದ್ದಾಳೆ, ಮೊಳಕಾಲವರೆಗೆ ರಬ್ಬರ್ ಬೂಟು. ಗಂಡ ಇಲ್ಲ. ಹಸು ಸಾಕಿ ಹಾಲು ಮಾರುವ ರೈತ ಹೆಂಗಸು. ದಿನಾ ಬಂದು ಬ್ರೂನೋನ ಮೈ ತಿಕ್ಕುತ್ತಿದ್ದಳು. ನನಗೆ ಅವಳ ಮಾತಿಲ್ಲ, ಅವಳಿಗೆ ನನ್ನದಿಲ್ಲ. ತಲೆಯಾಡಿಸುತ್ತಿದ್ದೆವು.

ಇದಕ್ಕೆ ಏನು ಮಾಡುತ್ತೀರಿ ಎಂದು ಚೈತ್ರನನ್ನು ಕೇಳಿದೆ. ಅವಳು ತಿರುಗಿ ನನ್ನನ್ನೇ ಕೇಳಿದಳು.

"ಊರಲ್ಲಿ ಕರೆಂಟ್ ಹೋದ್ರೆ ಅಪ್ಪ ಏನ್ಮಾಡ್ತಾರೆ ಹೇಳಜ್ಜಿ?"

"ಫೋನ್ ಆಫ್ ಮಾಡ್ತಾನೆ."

"ಅದಾದ್ಮೇಲೆ?"

"ಕಂಬ ಕಂಬ ನೋಡ್ಕೊಂಡು ಓಯ್ತಾನೆ. ಎಲ್ಲಿ ಕೊಂಬೆ ತಾಕ್ಯದೆ ಅಂತ."

"ನಾವೂ ಅದನ್ನೇ ಮಾಡೋದು ಕಣಜ್ಜಿ."

ಗುಂಡಿಗೆಯಲ್ಲೂ ಕರೆಂಟು ಇದೆಯಂತೆ. ನಿಮಗೂ ಇದೆ, ನನಗೂ ಇದೆ. ಒಂದು ಕಡೆ ಹುಟ್ಟಿ, ಗೋಡೆಯಿಂದ ಗೋಡೆಗೆ ಹರಿದು, ಇಡೀ ಗುಂಡಿಗೆ ಒಟ್ಟಿಗೆ ಹಿಂಡಿಕೊಳ್ಳುವ ಹಾಗೆ ಮಾಡುತ್ತದೆ. ಬ್ರೂನೋಗೆ ಗುಂಡಿಗೆಯ ಮೇಲಿನ ಕೋಣೆಯಲ್ಲಿ ಎಲ್ಲೋ ಒಂದು ಕಡೆ ಮಾಂಸ ಕೆಟ್ಟು, ತಾನೂ ಒಂದು ಕರೆಂಟು ಬಿಡುತ್ತಿದೆ. ಅದು ಬಿಟ್ಟಾಗ ಬಡಿತ ಅಡ್ಡಾದಿಡ್ಡಿಯಾಗಿ, ತಲೆಗೆ ರಕ್ತ ಹೋಗದೆ ಬೀಳುತ್ತಾನೆ. ಮೈಮೇಲೆ ತಂತಿ ಅಂಟಿಸಿ ನೋಡಿದರೆ ಲೈನು ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಯಾವ ಕಂಬ ಎಂದು ಗೊತ್ತಾಗುವುದಿಲ್ಲ. ಅದಕ್ಕೆ ಕತ್ತಿನ ರಕ್ತದ ನರದಿಂದ ತಂತಿಯ ಒಂದು ಎಳೆಯನ್ನು ಗುಂಡಿಗೆಯೊಳಕ್ಕೇ ಬಿಟ್ಟು, ಗೋಡೆಗೆ ಅಲ್ಲಲ್ಲಿ ತಾಕಿಸಿ, ಎಲ್ಲಿಗೆ ಕರೆಂಟು ಮೊದಲು ಬಂತು, ಎಲ್ಲಿಗೆ ಆಮೇಲೆ ಬಂತು ಎಂದು ಕಂಪ್ಯೂಟರಿನಲ್ಲಿ ನಕಾಶೆ ಬರೆಯುತ್ತಾರೆ.

ಬರೆದು ಏನು ಮಾಡುತ್ತೀರಿ ಅಂದೆ. ಕೆಟ್ಟ ಜಾಗವನ್ನು ಅದೇ ಎಳೆಯ ತುದಿಯಿಂದ ಸುಡುತ್ತೇವೆ ಅಂದಳು.

ನನಗೆ ಮೈ ಉರಿದುಹೋಯಿತು. ಅದಕ್ಕೆ ಕಾರಣ ಇದೆ. ಇವಳು ಕಾಲೇಜಿನಲ್ಲಿದ್ದಾಗ ರಜಕ್ಕೆ ಕಳಲೆಗೆ ಬಂದಿದ್ದಳು. ಕರು ಮೇವು ಬಿಟ್ಟಿತ್ತೆಂದು ನಾವು ಬರೆ ಹಾಕುವವನನ್ನು ಕರೆಸಿ ಹೊಟ್ಟೆಗೆ ಬರೆ ಹಾಕಿಸಿದ್ದೆವು. ಈ ಹುಡುಗಿ ಅಂಗಳದಲ್ಲಿ ನಿಂತು ಬೀದಿಗೆ ಕೇಳುವ ಹಾಗೆ ರೇಗಾಡಿ, ನನ್ನ ಮೇಲೆ ಕಂಪ್ಲೇಂಟ್ ಕೊಡುತ್ತೇನೆ ಅಂದಿದ್ದಳು.

"ನಾವು ಮೇಲ್ಗಡೆ ಸುಟ್ರೆ ಪಾಪ, ನೀನು ಗುಂಡಿಗೇಗೆ ಬರೆ ಆಕುದ್ರೆ ವಿದ್ಯೆನಾ?" ಅಂದೆ.

ಅವಳು ಊರುಗೋಲನ್ನು ಗೋಡೆಗೆ ಆನಿಸಿದಳು. ಆಮೇಲೆ ಹೇಳಿದಳು: "ನೀವು ಎಲ್ಲಿ ಸುಡ್ಬೇಕು ಅಂತ ಗೊತ್ತಿಲ್ದೆ ಸುಟ್ರಿ ಅಜ್ಜಿ. ನಾವು ಹುಡುಕಿ ಸುಡ್ತೀವಿ. ಸಿಕ್ಕದೆ ಇದ್ರೆ ಸುಡಲ್ಲ."

ಸಿಕ್ಕದೇ ಇದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದೇ ತಪ್ಪಾಯಿತು. ಸಿಕ್ಕದಿದ್ದರೆ ಬ್ರೂನೋನನ್ನು ಏಳಿಸುವುದಿಲ್ಲವಂತೆ. ಮತ್ತಿನಲ್ಲಿ ಮಲಗಿದ್ದಲ್ಲೇ ಇನ್ನೊಂದು ಸೂಜಿ. ಗ್ರೀತ್ ಮೊದಲೇ ಒಪ್ಪಿ ಸಹಿ ಹಾಕಿದ್ದಳು. ಬೀಳುವ ಕುದುರೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಅವರು ಸಾಯುತ್ತಾರೆ, ಬಯಲಿಗೆ ಬಿಟ್ಟರೆ ಅದು ಒಂಟಿಯಾಗಿ ಬಿದ್ದು ಒದ್ದಾಡಿ ಸಾಯುತ್ತದೆ, ಎರಡೂ ಬೇಡ ಅಂದಳಂತೆ. ದಿನಾ ಮೈ ತಿಕ್ಕುವ ಅದೇ ಕೈಯಿಂದ ಸಹಿ ಹಾಕಿದ್ದಾಳೆ. ನಮ್ಮಲ್ಲಿ ಮುದಿ ಎತ್ತನ್ನು ಕಟುಕರಿಗೆ ಮಾರುವವನೂ ಸಂತೆಗೆ ಹೋಗಿ ಬರುವವರೆಗೆ ಯಾರಿಗೂ ಹೇಳುವುದಿಲ್ಲ. ಇವಳು ಎಲ್ಲರೆದುರು ನಿಂತು ಹೇಳಿದ್ದಾಳೆ. ಯಾವುದು ಮೇಲು ಎಂದು ನನಗೆ ಇನ್ನೂ ತೋಚಿಲ್ಲ.

ಮಂಗಳವಾರ

ಮಂಗಳವಾರವೇ ಮಾಡುತ್ತಾರಂತೆ. ಮಂಗಳವಾರ ನಮ್ಮಲ್ಲಿ ಉಗುರೂ ಕತ್ತರಿಸುವುದಿಲ್ಲ.

ನಮ್ಮ ಕಡೆ ಎತ್ತಿಗೆ ಲಾಳ ಕಟ್ಟಿಸಲು ಹಗ್ಗ ಹಾಕಿ ಕೆಡವುತ್ತಾರಲ್ಲ, ಅದಕ್ಕೆ ಮುಂಚೆ ಬಾಯಿಗೆ ಒಂದು ಉಂಡೆ ಹುರುಳಿ, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಮನೆಯ ಪದ್ಧತಿ. ಹಸಿದ ಜೀವವನ್ನು ಕೆಡವಬಾರದು. ನಾಳೆ ಎದ್ದರೆ ಎದ್ದ, ಇಲ್ಲದಿದ್ದರೆ ಇಲ್ಲ ಎನ್ನುವ ಕುದುರೆಗೆ ಅಷ್ಟೂ ಇಲ್ಲದೆ ಕಳಿಸುವುದೇ? ಹಿಂದಿನ ಸಂಜೆ ಬಸ್ಸಾರಿಗೆ ಹುರುಳಿ ಬೇಯಿಸಿದ್ದೆ. ಅದರಲ್ಲಿ ಒಂದು ಡಬ್ಬಿ ತೆಗೆದು, ಬೆಲ್ಲ ಕುಟ್ಟಿ ಕಲಸಿ, ಬೆಳಿಗ್ಗೆ ಚೀಲದಲ್ಲಿ ತಂದಿದ್ದೆ.

ಚೈತ್ರ ಒಳಗೆ ಹೋದಳು. ಬ್ರೂನೋನ ಗೋದಲಿ ನೋಡಿದರೆ ಒಂದು ಕಡ್ಡಿ ಹುಲ್ಲಿಲ್ಲ, ಗುಡಿಸಿಟ್ಟಿದ್ದಾರೆ. ಅವನು ಬಾಗಿಲ ಮೇಲಿಂದ ಕತ್ತು ಚಾಚಿ ನನ್ನ ಚೀಲವನ್ನೇ ಮೂಸಿದ. ಬಾಗಿಲ ಮೇಲೆ ಏನೋ ಹಲಗೆ ತೂಗುಹಾಕಿದ್ದರು, ಅವರ ಅಕ್ಷರ. ನಾನು ಡಬ್ಬಿ ಬಿಚ್ಚಿ ಇಡೀ ಹುರುಳಿ ಕೊಟ್ಟೆ. ತಳ ನೆಕ್ಕಿದ.

ಆಮೇಲೆ ತಿಳಿಯಿತು. ಮತ್ತಿನ ಔಷಧಿ ಕೊಡುವ ಕುದುರೆಗೆ ಕಾಳು ಕಡ್ಡಿ ಕೊಡಬಾರದಂತೆ, ಹೊಟ್ಟೆ ಖಾಲಿ ಇರಬೇಕಂತೆ. ಹಲಗೆಯಲ್ಲಿ ಅದನ್ನೇ ಬರೆದಿದ್ದರಂತೆ. ಬಾಯಿ ತೊಳೆಯಲು ಬಂದ ಆಳು ಹಲ್ಲಿನ ಸಂದಿಯಲ್ಲಿ ಹುರುಳಿ ಸಿಪ್ಪೆ ನೋಡಿ ಓಡಿದ. ಡಾಕ್ಟರುಗಳು ಬಂದರು. ಚೈತ್ರ ಊರುಗೋಲು ಕುಟ್ಟಿಕೊಂಡು ಬಂದಳು, ಮುಖದಲ್ಲಿ ರಕ್ತ ಇರಲಿಲ್ಲ.

ನನಗೆ ಹೆಚ್ಚು ದಿಗಿಲಾಗಿದ್ದು ಯಾರೂ ಬೈಯದಿದ್ದದ್ದು. ಎಷ್ಟು ಕೊಟ್ಟಿರಿ, ಯಾವಾಗ ಕೊಟ್ಟಿರಿ, ಬೇಯಿಸಿದ್ದೋ ಹಸಿಯೋ, ಬೆಲ್ಲ ಎಂದರೇನು. ಒಂದೊಂದನ್ನೇ ಮೆಲ್ಲನೆ ಕೇಳಿ ಬರೆದುಕೊಂಡರು. ನಮ್ಮ ಹುಡುಗಿಯೂ ಅವರ ಹಾಗೇ ಮೆಲ್ಲನೆ ಕೇಳಿದಳು. ಒಂದು ಸಲ ಮುದುಕಿ ಅಂದು ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಕೆಲಸ ಮರುದಿನಕ್ಕೆ ಹೋಯಿತು.

ಅದರಿಂದ ಇನ್ನೊಂದು ಆಯಿತು. ನಕಾಶೆ ಓದುವುದರಲ್ಲಿ ಅನುಭವಸ್ಥೆಯಾದ ಒಬ್ಬ ಡಾಕ್ಟರಮ್ಮನಿಗೆ ಬುಧವಾರದಿಂದ ರಜ. ಟಿಕೆಟ್ಟು ಆಗಿತ್ತು, ಹೋದಳು. ಈಗ ಕಂಪ್ಯೂಟರಿನ ಮುಂದೆ ಕೂರಬೇಕಾದವಳು ಚೈತ್ರ. ದೊಡ್ಡ ಡಾಕ್ಟರು ಒಳಗೆ ಎಳೆ ಹಿಡಿದಿರುತ್ತಾರೆ, ಯಾವ ಕಂಬ ಎಂದು ಹೇಳಬೇಕಾದವಳು ಇವಳು. ಒಬ್ಬಳೇ ಕೂತು ಅವಳು ಅದನ್ನು ಮಾಡಿದ್ದೇ ಇಲ್ಲ.

ಗ್ರೀತ್ ಬಂದಳು. ಅವಳಿಗೆ ವಿಷಯ ಹೇಳಿದರು. ನನ್ನ ಕಡೆ ತಿರುಗಿ ಒಂದೇ ಒಂದು ಮಾತು ಅಂದಳು. ಏನಂದಳು ಎಂದು ಚೈತ್ರನನ್ನು ಕೇಳಿದೆ. ಬೇಡ ಅಜ್ಜಿ ಅಂದಳು. ಗ್ರೀತ್ ಒಳಗೆ ಹೋಗಿ ಮೈ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಮೇಲಿಂದ ಇನ್ನೊಂದು ಬ್ರಷ್ಷು ನನ್ನ ಕಡೆ ಚಾಚಿದಳು. ಆ ಮಧ್ಯಾಹ್ನವೆಲ್ಲ ಅವಳು ಎಡಗಡೆ, ನಾನು ಬಲಗಡೆ. ಅವನ ಪಕ್ಕೆಗೆ ಕಿವಿ ಇಟ್ಟು ನೋಡಿದೆ. ಲಬ್, ಲಬ್ ಎಂದು ಹೋಗುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ಮುಗ್ಗರಿಸಿ, ಓಡಿ, ನಿಂತು, ಮತ್ತೆ ಹೊರಡುತ್ತಿತ್ತು. ಕತ್ತಲಲ್ಲಿ ಮೆಟ್ಟಿಲು ಇಳಿಯುವವರ ಹಾಗೆ.

ಬುಧವಾರ

ನಮ್ಮನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿದರು, ಗ್ರೀತ್‌ನನ್ನೂ ನನ್ನನ್ನೂ. ಓದುವ ಹುಡುಗರು ನೋಡಲೆಂದು ಮಾಡಿದ ಜಾಗ. ಕೆಳಗೆ ಕೆಲಸದ ಕೋಣೆ.

ಬ್ರೂನೋಗೆ ಪಕ್ಕದ ಕೋಣೆಯಲ್ಲಿ ಮತ್ತು ಕೊಟ್ಟು ಮಲಗಿಸಿ, ನಾಲ್ಕೂ ಕಾಲಿಗೆ ಪಟ್ಟಿ ಬಿಗಿದು, ಸರಪಳಿಗೆ ಸಿಕ್ಕಿಸಿ, ಕ್ರೇನಿನಿಂದ ಎತ್ತಿದರು. ಸಂತೆಯಲ್ಲಿ ಕೋಳಿಯನ್ನು ಕಾಲು ಕಟ್ಟಿ ತಲೆಕೆಳಗಾಗಿ ಹಿಡಿದು ಹೋಗುತ್ತಾರಲ್ಲ, ಹಾಗೆ. ಅಷ್ಟು ದೊಡ್ಡ ಕುದುರೆ, ಹೊಟ್ಟೆ ಮೇಲಾಗಿ, ಕತ್ತು ಜೋತು, ನಾಲಿಗೆ ಹೊರಗೆ ಬಿದ್ದು, ಗಾಳಿಯಲ್ಲಿ ತೇಲಿಕೊಂಡು ಬಂತು. ಒಬ್ಬ ಹುಡುಗಿ ತಲೆಯನ್ನು ಮಗುವಿನದು ಹಿಡಿದ ಹಾಗೆ ಹಿಡಿದು ಪಕ್ಕದಲ್ಲಿ ನಡೆಯುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಗ್ರೀತ್ ಮುಚ್ಚಲಿಲ್ಲ.

ಎಳೆ ಒಳಗೆ ಹೋಯಿತು. ಚೈತ್ರ ಮುರಿದ ಕಾಲನ್ನು ಒಂದು ಸ್ಟೂಲಿನ ಮೇಲಿಟ್ಟು ಕಂಪ್ಯೂಟರಿನ ಮುಂದೆ ಕೂತಿದ್ದಳು. ಅವಳ ಪರದೆ ನಮಗೂ ಕಾಣುತ್ತಿತ್ತು. ಮೊದಲು ಏನೂ ಇಲ್ಲ. ಬ್ರೂನೋನ ಗುಂಡಿಗೆ, ಇಷ್ಟು ದಿನ ಅಡ್ಡಾದಿಡ್ಡಿ ಓಡುತ್ತಿದ್ದದ್ದು, ಆವತ್ತು ಮಲಗಿಸಿದ ಕೂಡಲೇ ಸಾಧುವಾಗಿ ಬಡಿಯತೊಡಗಿತ್ತು. ಲೈನ್‌ಮ್ಯಾನು ಬಂದ ಕೂಡಲೇ ಕರೆಂಟು ತಾನಾಗಿ ಬಂದ ಹಾಗೆ. ಕೆಟ್ಟದ್ದು ಕೆಡದೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದು ಹೇಗೆ? ಒಳಗಿನಿಂದ ಅದಕ್ಕೆ ಸಣ್ಣ ಸಣ್ಣ ಕರೆಂಟು ಕೊಟ್ಟು ಕೆಣಕಿದರು. ಎಷ್ಟೋ ಹೊತ್ತು ಕೆಣಕಿದರು. ಕುದುರೆ ಹೆಚ್ಚು ಹೊತ್ತು ಮಲಗಿದರೆ ತನ್ನ ಭಾರಕ್ಕೆ ತನ್ನ ಮಾಂಸವೇ ಸಾಯುತ್ತದೆಂದು ಚೈತ್ರ ಹೇಳಿದ್ದಳು. ಗ್ರೀತ್ ಗಡಿಯಾರ ನೋಡುತ್ತಿದ್ದಳು. ನಾನು ನನ್ನ ಹುಡುಗಿಯ ಬೆನ್ನು ನೋಡುತ್ತಿದ್ದೆ.

ಆಮೇಲೆ ಒಮ್ಮೆಲೇ ಗುಂಡಿಗೆ ಮುಗ್ಗರಿಸಿ ಓಡಿತು. ಕೆಳಗಿದ್ದವರೆಲ್ಲ ನೆಟ್ಟಗೆ ನಿಂತರು. ಕಾಯಿಲೆ ಬಂತೆಂದು ಡಾಕ್ಟರುಗಳು ಗೆಲುವಾದದ್ದನ್ನು ನಾನು ಕಂಡದ್ದು ಅಲ್ಲಿ ಮಾತ್ರ.

ಪರದೆಯಲ್ಲಿ ಚುಕ್ಕಿ ಬೀಳತೊಡಗಿತು. ರಂಗೋಲಿಗೆ ಮೊದಲು ಚುಕ್ಕಿ ಇಡುವುದಿಲ್ಲವೇ, ಹಾಗೆ ಒಂದೊಂದೇ ಚುಕ್ಕಿ. ಚುಕ್ಕಿ ತುಂಬಿದ ಕಡೆ ಬಣ್ಣ ಹರಡಿತು. ಕರೆಂಟು ಕೊನೆಗೆ ಮುಟ್ಟುವ ಜಾಗ ನೇರಳೆ, ಅದಕ್ಕೆ ಮುಂಚೆ ಮುಟ್ಟುವುದು ನೀಲಿ, ಹಸಿರು, ಹಳದಿ. ಎಲ್ಲಿ ಹುಟ್ಟುತ್ತದೋ ಅಲ್ಲಿ ಕೆಂಪು. ನೋಡ ನೋಡುತ್ತ ಒಂದು ಕೋಣೆ ಮೂಡಿತು, ಅದರ ಗೋಡೆ, ಮೂಲೆ, ಬಾಗಿಲು. ಜೀವಂತ ಕುದುರೆಯ ಗುಂಡಿಗೆಯೊಳಗೆ ನಾನು ನಿಂತಿದ್ದೆ. ಯಾರೂ ನೋಡಬಾರದ ಜಾಗಕ್ಕೆ ಕಾಲಿಟ್ಟ ಹಾಗಾಗಿ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡೆ.

ಹಳದಿ ಬಂತು, ಕೆಂಪು ಬರಲಿಲ್ಲ. ದೊಡ್ಡ ಡಾಕ್ಟರು ಒಂದು ಕಡೆ ತೋರಿಸಿ ಏನೋ ಹೇಳಿದರು. ಹೊತ್ತು ಮೀರುತ್ತಿದೆ, ಇದೇ ಇರಬೇಕು, ಸುಟ್ಟುಬಿಡೋಣ ಅಂದರಂತೆ. ಚೈತ್ರ ಬೇಡವೆಂದು ತಲೆಯಾಡಿಸಿದಳು. ಅವಳು ಹಟ ಹಿಡಿದಾಗ ಕತ್ತು ಒಂದು ಕಡೆಗೆ ವಾಲುತ್ತದೆ, ಅದು ನಮ್ಮ ಮನೆಯ ಕತ್ತು. ಇನ್ನೂ ಹಿಂದಿನ ಮೂಲೆಗೆ ಬೆರಳು ಮಾಡಿದಳು. ಅವರು ಎಳೆಯನ್ನು ಅಲ್ಲಿಗೆ ಸರಿಸಿದರು. ಒಂದು ಚುಕ್ಕಿ, ಎರಡು ಚುಕ್ಕಿ, ಆಮೇಲೆ ಕುಂಕುಮದ ಬೊಟ್ಟಿನಷ್ಟು ಕೆಂಪು ಹೊತ್ತಿಕೊಂಡಿತು.

ಗ್ರೀತ್ ನನ್ನ ತೊಡೆಯ ಮೇಲೆ ಕೈ ಊರಿ ಎದ್ದಳು.

ಅಲ್ಲೇ ಸುಟ್ಟರು. ಹೊಗೆ ಇಲ್ಲ, ವಾಸನೆ ಇಲ್ಲ. ಪರದೆಯ ಕೆಳಗೆ ಓಡುತ್ತಿದ್ದ ಗೆರೆ ಒಂದು ಸಲ ತತ್ತರಿಸಿ, ಆಮೇಲೆ ಸಮನಾಗಿ ಹೊರಟಿತು. ಮತ್ತೆ ಎಷ್ಟು ಕೆಣಕಿದರೂ ಕೆಡಲಿಲ್ಲ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ದೊಡ್ಡ ಡಾಕ್ಟರು ಚೈತ್ರನ ಹೆಗಲು ಒಂದು ಸಲ ಮುಟ್ಟಿದರು, ಅಷ್ಟೇ. ನಮ್ಮಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಸಿಹಿ ಹಂಚುತ್ತಿದ್ದರು.

ಏಳುವ ಕೋಣೆ

ಕೆಲಸ ಮುಗಿಯಿತೆಂದು ನಾನು ಅಂದುಕೊಂಡೆ. ಮುಗಿದಿರಲಿಲ್ಲ. ಕುದುರೆಗೆ ಮಲಗುವುದಕ್ಕಿಂತ ಏಳುವುದೇ ಕಷ್ಟವಂತೆ. ಕೊಟ್ಟ ಮತ್ತು ಪೂರ್ತಿ ಇಳಿಯುವ ಮೊದಲೇ ಹೆದರಿ ಎದ್ದು ಓಡಲು ನೋಡುತ್ತದೆ, ಕಾಲು ಮಾತು ಕೇಳುವುದಿಲ್ಲ. ಅದಕ್ಕೆ ಗೋಡೆಗೆಲ್ಲ ಹಾಸಿಗೆ ಹೊದಿಸಿದ ಒಂದು ಕೋಣೆ. ತಲೆಗೆ ಒಂದು ಹಗ್ಗ, ಬಾಲಕ್ಕೆ ಒಂದು ಹಗ್ಗ, ಹೊರಗಿನಿಂದ ಆನಿಸಿ ಹಿಡಿಯಲು. ಎದೆಗೆ ಕಟ್ಟಿದ ಒಂದು ಪೆಟ್ಟಿಗೆ, ಅದರಿಂದ ಅವನ ಬಡಿತ ಹೊರಗಿನ ಪರದೆಗೆ ಬರುತ್ತಿತ್ತು. ಬಾಗಿಲಲ್ಲಿ ಅಂಗೈಯಗಲ ಕಿಂಡಿ. ಗ್ರೀತ್ ನೋಡಿದಳು, ನಾನು ನೋಡಿದೆ. ಚೈತ್ರ ಕಿಂಡಿಗೆ ಬರಲೇ ಇಲ್ಲ. ಅವಳ ಕಣ್ಣು ಪರದೆಯ ಮೇಲೆ.

ಬ್ರೂನೋ ಒಂದು ಸಲ ಎದ್ದು ನಾಯಿಯ ಹಾಗೆ ಕೂತು ಬಿದ್ದ. ಇನ್ನೊಂದು ಸಲ ಎದ್ದ. ನಾಲ್ಕು ಕಾಲ ಮೇಲೆ ನಿಂತೇ ನಿಂತ, ಕುಡಿದವರ ಹಾಗೆ ತೂರಾಡಿದ. ಹಗ್ಗ ಹಿಡಿದವರು ಮೆಲ್ಲಗೆ ಏನೋ ಹೇಳುತ್ತಿದ್ದರು. ಹಿಂಗಾಲು ಜಾರಿತು. ಅವನ ಭಾರವೆಲ್ಲ ಅದರ ಮೇಲೆ ಬಿತ್ತು. ಸೌದೆ ಮುರಿದ ಸದ್ದು.

ಕಿಂಡಿಯಲ್ಲಿ ಆಗ ಇದ್ದದ್ದು ನನ್ನ ಮುಖ. ಕಾಲು ಇರಬಾರದ ಕಡೆಗೆ ಬಾಗಿತ್ತು. ನಾನು ಹಿಂದೆ ಸರಿದು ಗ್ರೀತ್‌ಗೆ ಜಾಗ ಬಿಟ್ಟೆ.

ಅಷ್ಟು ದೊಡ್ಡ ಕುದುರೆಯ ಹಿಂಗಾಲು ಹಾಗೆ ಮುರಿದರೆ ಕೂಡಿಸಲು ಆ ದೇಶದಲ್ಲೂ ಆಗುವುದಿಲ್ಲ. ದೊಡ್ಡ ಡಾಕ್ಟರು ಬಂದು ಗ್ರೀತ್‌ನ ಜೊತೆ ಎರಡು ಮಾತಾಡಿದರು. ಅವಳು ಬಾಗಿಲು ತೆಗೆಸಿ ಒಳಗೆ ಹೋಗಿ ನೆಲದ ಮೇಲೆ ಕೂತು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸೂಜಿ ಕೊಟ್ಟರು. ಹೊರಗೆ ಪರದೆಯಲ್ಲಿ ಗೆರೆ ಓಡುತ್ತಲೇ ಇತ್ತು. ನೋವಿಗೆ ಜೋರಾಗಿ ಓಡುತ್ತಿತ್ತು, ಆದರೆ ಒಂದೇ ಸಮನೆ, ಎಳೆದು ಕಟ್ಟಿದ ಹೂವಿನ ಹಾಗೆ. ಚೈತ್ರ ಅದನ್ನು ಕೊನೆಯವರೆಗೆ ನೋಡಿದಳು.

"ಒಂದೂ ತಪ್ಲಿಲ್ಲ ಅಜ್ಜಿ," ಅಂದಳು. "ನಿಲ್ಲೋವರ್ಗೂ ಒಂದೇ ಒಂದು ಬಡಿತ ತಪ್ಲಿಲ್ಲ."

ನಿನ್ನೆಯೇ ಮಾಡಿದ್ದರೆ ಕಾಲು ಉಳಿಯುತ್ತಿತ್ತಾ ಎಂದು ಕೇಳಿದೆ. ಕೇಳದೆ ಇರಲು ಆಗಲಿಲ್ಲ. ಗೊತ್ತಿಲ್ಲ ಅಂದಳು. ಸಮಾಧಾನಕ್ಕೆ ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಅದಕ್ಕೆ ಅವಳು ಒಳ್ಳೆಯ ಡಾಕ್ಟರಾಗುತ್ತಾಳೆ.

ನಮ್ಮಲ್ಲಿ ಹಟ್ಟಿಯ ದನ ಸತ್ತರೆ ಅರಿಶಿನ ಕುಂಕುಮ ಇಟ್ಟು, ಉಪ್ಪು ಹಾಕಿ, ನಮ್ಮ ಹೊಲದಲ್ಲೇ ಹೂಳುತ್ತೇವೆ. ಅಲ್ಲಿ ಹೂಳುವ ಹಾಗಿಲ್ಲವಂತೆ. ಒಂದು ಲಾರಿ ಬರುತ್ತದೆ, ಕೊಕ್ಕೆ ಹಾಕಿ ಎತ್ತಿಕೊಂಡು ಹೋಗುತ್ತದೆ. ಅದು ಬರುವವರೆಗೆ ಗ್ರೀತ್ ಕತ್ತರಿ ಇಸಿದುಕೊಂಡು ಅವನ ಬಾಲದ ಕೂದಲು ಒಂದು ಹಿಡಿ ಕತ್ತರಿಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಚೈತ್ರನ ಮುಂದೆ ಬಂದು ನಿಂತು ನಕಾಶೆ ತೋರಿಸು ಅಂದಳು. ಚೈತ್ರ ತೋರಿಸಿದಳು. ಆ ಕೆಂಪು ಬೊಟ್ಟಿನ ಮೇಲೆ ಗ್ರೀತ್ ಬೆರಳಿಟ್ಟು, ಇಷ್ಟೇನಾ ಎಂದು ಕೇಳಿದಳು. ಇಷ್ಟೇ ಅಂದಳು ಇವಳು.

ನಾನು ಹೊರಗೆ ಹೋಗಿ ನಿಲ್ಲೋಣವೆಂದು ಎದ್ದೆ. ಗ್ರೀತ್ ನನ್ನ ಕಡೆ ಕೈ ಮಾಡಿ ಏನೋ ಕೇಳಿದಳು. ಈ ಸಲವೂ ಚೈತ್ರ ಬೇಡ ಎನ್ನುತ್ತಾಳೆ ಅಂದುಕೊಂಡೆ.

"ನಿನ್ನೆ ನೀನು ಕೊಟ್ಟಾಗ ಅವನು ಖುಷಿಯಾಗಿ ತಿಂದ್ನಾ ಅಂತ ಕೇಳ್ತಾವ್ರೆ ಅಜ್ಜಿ."

"ಕೈ ಸಮೇತ ತಿನ್ನಕ್ ಬಂದ ಅನ್ನು," ಅಂದೆ. "ಡಬ್ಬಿ ಕಿತ್ಕೊಳಕ್ಕೆ ನಾನು ಜಗ್ಗಾಡ್ಬೇಕಾಯ್ತು ಅನ್ನು."

ಚೈತ್ರ ಅವರ ಮಾತಿನಲ್ಲಿ ಹೇಳಿದಳು. ಗ್ರೀತ್ ನಕ್ಕಳು. ಕುದುರೆಯ ಹೆಣ ಮಗ್ಗುಲಲ್ಲಿ ಬಿದ್ದಿದೆ, ಲಾರಿ ಗೇಟಿನಲ್ಲಿ ಬಂದು ನಿಂತಿದೆ, ಈ ಹೆಂಗಸು ಬಾಯಿ ತುಂಬ ನಕ್ಕಳು. ಇಂಥದ್ದನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಗುತ್ತ ನಗುತ್ತಲೇ ಬೂಟು ಎಳೆದುಕೊಂಡು, ಲಾರಿಯವನಿಗೆ ದಾರಿ ತೋರಿಸಲು ಹೋದಳು.